ಒಪ್ಪಿಗೆಯಿಂದ ಬೀಗದ ಕೈವರೆಗೆ 204 ದಿನ

2022ರ ಸೆಪ್ಟೆಂಬರ್ 8ರ ಗುರುವಾರ ಮಧ್ಯಾಹ್ನ ಎಸ್ಟೇಟ್ ಏಜೆಂಟ್ ಫೋನ್ ಮಾಡಿ, ನಾವು ಹೇಳಿದ್ದ 3,85,000 ಪೌಂಡ್ ಬೆಲೆಗೆ ಮನೆಯೊಡತಿ ಒಪ್ಪಿದ್ದಾರೆಂದು ತಿಳಿಸಿದರು. ಅದೇ ಸಂಜೆ ರಾಣಿ ಎರಡನೆಯ ಎಲಿಜಬೆತ್ ತೀರಿಕೊಂಡ ಸುದ್ದಿ ಬಂದುದರಿಂದ ಆ ದಿನಾಂಕವನ್ನು ನಾನು ಮರೆಯುವಂತಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ನೀವು ಹೊಸ ಮನೆಯಲ್ಲಿರುತ್ತೀರಿ ಎಂದು ಏಜೆಂಟ್ ಭರವಸೆ ಕೊಟ್ಟಿದ್ದರು. ಬೀಗದ ಕೈ ನಮಗೆ ಸಿಕ್ಕಿದ್ದು 2023ರ ಮಾರ್ಚ್ 31ರಂದು. ನಡುವೆ 204 ದಿನ ಕಳೆದಿದ್ದವು. ಈ 204 ದಿನಗಳಲ್ಲಿ ನಿಜವಾಗಿ ಕೆಲಸ ನಡೆಯುತ್ತಿದ್ದ ದಿನಗಳು ಎಷ್ಟು, ಕಾಗದವೊಂದು ಯಾರದೋ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ದಿನಗಳು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದನ್ನು ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಮನೆ ಕೊಳ್ಳಲು ಹೊರಟಿರುವ ಪರಿಚಿತರು ಈಚೆಗೆ ಒಬ್ಬರಾದ ಮೇಲೊಬ್ಬರು, ಇಷ್ಟೊಂದು ತಡವೇಕೆ, ಅದಕ್ಕೆ ನಾವೇನು ಮಾಡಬಹುದು ಎಂಬ ಒಂದೇ ಪ್ರಶ್ನೆಯನ್ನು ಕೇಳುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಹೊರಗಿನಿಂದ ಬಂದವರು ಮೊದಲು ಎಡವುವುದು ‘ಒಪ್ಪಿಗೆ’ ಎಂಬ ಮಾತಿನಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾರುವವರು ಬೆಲೆಗೆ ಒಪ್ಪಿದ ಮಾತ್ರಕ್ಕೆ ಯಾರಿಗೂ ಯಾವ ಕಟ್ಟುಪಾಡೂ ಹುಟ್ಟುವುದಿಲ್ಲ. ಸ್ಥಿರಾಸ್ತಿ ಮಾರಾಟದ ಕರಾರು ಬರಹದಲ್ಲಿರಬೇಕು, ಎರಡೂ ಕಡೆಯವರು ಸಹಿ ಮಾಡಿರಬೇಕು ಎಂದು 1989ರ ಕಾನೂನೊಂದು ಹೇಳುತ್ತದೆ. ಸಹಿಯಾದ ಆ ಕರಾರುಗಳನ್ನು ಎರಡೂ ಕಡೆಯ ವಕೀಲರಾದ ಸಾಲಿಸಿಟರ್‌ಗಳು ವಿನಿಮಯ ಮಾಡಿಕೊಳ್ಳುವ ದಿನವೇ ‘ಎಕ್ಸ್‌ಚೇಂಜ್’. ಅಲ್ಲಿಯವರೆಗೆ ಮಾರುವವರು ಹೆಚ್ಚು ಕೊಡುವ ಇನ್ನೊಬ್ಬರಿಗೆ ಮನೆಯನ್ನು ಕೊಟ್ಟುಬಿಡಬಹುದು. ಕೊಳ್ಳುವವರು ಒಂದು ಬೆಳಿಗ್ಗೆ ಎದ್ದು ಬೇಡವೆನ್ನಬಹುದು. ಯಾರೂ ಯಾರಿಗೂ ಒಂದು ಪೆನ್ನಿ ಕೊಡಬೇಕಾಗಿಲ್ಲ. ಸ್ಕಾಟ್ಲೆಂಡಿನ ಪದ್ಧತಿ ಬೇರೆ. ಅಲ್ಲಿ ಮನೆಯ ತಪಾಸಣಾ ವರದಿಯನ್ನು ಮಾರುವವರೇ ಮೊದಲು ಮಾಡಿಸಿಡುತ್ತಾರೆ. ಇಲ್ಲಿ ಮಾತ್ರ ಒಪ್ಪಿಗೆಯ ನಂತರವೇ ಎಲ್ಲ ಪರಿಶೀಲನೆಯೂ ಆರಂಭವಾಗುತ್ತದೆ. ಹೀಗಾಗಿ ತಡವೆಂಬುದು ಬರಿಯ ಬೇಸರದ ಸಂಗತಿಯಲ್ಲ. ಪ್ರತಿಯೊಂದು ವಾರವೂ ಮನೆ ಕೈತಪ್ಪಲು ಸಿಗುವ ಇನ್ನೊಂದು ಅವಕಾಶ.

ಎರಡನೆಯ ತೊಡಕೆಂದರೆ, ಯಾವ ತಡ ಸಹಜ, ಯಾವುದು ಅಸಹಜ ಎಂಬ ಅಂದಾಜೇ ಪರಕೀಯರಿಗೆ ಇರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವರಿಗೆ ಅಣ್ಣನೋ ಅತ್ತೆಯೋ ಮನೆ ಕೊಂಡ ಅನುಭವ ಮನೆಮಾತಾಗಿ ಇರುತ್ತದೆ. ನನಗೆ ಇದ್ದದ್ದು ಆಫೀಸಿನ ಇಬ್ಬರು ಸಹೋದ್ಯೋಗಿಗಳ ಮಾತು ಮಾತ್ರ. ಒಬ್ಬರಿಗೆ ಹನ್ನೊಂದು ವಾರ ಹಿಡಿದಿತ್ತು, ಇನ್ನೊಬ್ಬರಿಗೆ ಹದಿನಾಲ್ಕು ತಿಂಗಳು. ಇಬ್ಬರೂ ತಮಗಾದದ್ದೇ ವಾಡಿಕೆ ಎಂದು ನಂಬಿದ್ದರು.

ಆರಂಭದಲ್ಲಿ ನಾವು ಅವಸರ ಮಾಡಿದ್ದು ಒಂದೇ ವಿಷಯದಲ್ಲಿ, ಅದೃಷ್ಟವಶಾತ್ ಅದು ಗೃಹಸಾಲದ ವಿಷಯವಾಗಿತ್ತು. ಒಪ್ಪಿಗೆ ಸಿಕ್ಕ ಎಂಟನೆಯ ದಿನವೇ, ಸೆಪ್ಟೆಂಬರ್ 16ರಂದು, ಐದು ವರ್ಷಗಳವರೆಗೆ ಬದಲಾಗದ 4.09 ಪ್ರತಿಶತ ಬಡ್ಡಿಗೆ 3,08,000 ಪೌಂಡ್ ಸಾಲದ ಅರ್ಜಿ ಹಾಕಿದೆವು. ಸೆಪ್ಟೆಂಬರ್ 23ರಂದು ಸರ್ಕಾರ ದೊಡ್ಡ ತೆರಿಗೆ ಕಡಿತಗಳನ್ನು ಸಾರಿದ ‘ಮಿನಿ ಬಜೆಟ್’ ಮಂಡಿಸಿತು. ಪೌಂಡಿನ ಬೆಲೆ ಕುಸಿಯಿತು. ಮುಂದಿನ ವಾರದಲ್ಲಿ ಬ್ಯಾಂಕುಗಳು ನೂರಾರು ಸಾಲ ಯೋಜನೆಗಳನ್ನು ಹಿಂತೆಗೆದುಕೊಂಡವು. ಅಕ್ಟೋಬರಿನಲ್ಲಿ ಐದು ವರ್ಷದ ಸ್ಥಿರ ಬಡ್ಡಿಯ ಸರಾಸರಿ 6 ಪ್ರತಿಶತವನ್ನು ದಾಟಿತ್ತು. ಮೂವತ್ತು ವರ್ಷಗಳ ಸಾಲಕ್ಕೆ ನಮ್ಮ ದರದಲ್ಲಿ ತಿಂಗಳಿಗೆ ಸುಮಾರು 1,490 ಪೌಂಡ್ ಕಂತು. ಹೊಸ ದರದಲ್ಲಾದರೆ ಸುಮಾರು 1,890. ಅರ್ಜಿ ಮೊದಲೇ ದಾಖಲಾಗಿದ್ದರಿಂದ ನಮ್ಮ ದರ ಉಳಿಯಿತು. ಅಕ್ಟೋಬರ್ 10ರಂದು ಬ್ಯಾಂಕಿನ ಸಾಲಪತ್ರ ಕೈಸೇರಿತು. ಅದರ ಎರಡನೆಯ ಪುಟದಲ್ಲಿ ಆರು ತಿಂಗಳ ಅವಧಿಯೆಂದು, 2023ರ ಏಪ್ರಿಲ್ 10ರವರೆಗೆ ಎಂದು, ಬರೆದಿತ್ತು. ಆಗ ಆರು ತಿಂಗಳು ಧಾರಾಳವೆನಿಸಿ ಆ ಸಾಲನ್ನು ನಾನು ಎರಡನೆಯ ಬಾರಿ ಓದಲೂ ಇಲ್ಲ.

ಇನ್ನು ಪರದೇಶಿಗಳಿಗೆಂದೇ ಕಾದಿರುವ ತಡಗಳ ವಿಷಯ. ಮೊದಲನೆಯದು ಹೆಸರಿನದು. ನನ್ನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಇದೆ, ಬ್ಯಾಂಕ್ ಖಾತೆಯಲ್ಲಿ ಅದು ಒಂದೇ ಅಕ್ಷರದ ಇನಿಷಿಯಲ್ ಆಗಿದೆ, ಸಂಬಳದ ಚೀಟಿಯಲ್ಲಿ ತಂದೆಯ ಹೆಸರೇ ನನ್ನ ಸರ್‌ನೇಮ್ ಆಗಿ ಕುಳಿತಿದೆ. ನಮ್ಮವರ ಕಣ್ಣಿಗೆ ಈ ಮೂರೂ ಒಬ್ಬಳೇ ಹೆಂಗಸು. ಸಾಲಿಸಿಟರ್ ಕಚೇರಿಯ ಗುರುತು ಪರಿಶೀಲನಾ ವಿಭಾಗಕ್ಕೆ ಮಾತ್ರ ನಾವು ಮೂವರು. ಹತ್ತು ದಿನ ಪತ್ರವ್ಯವಹಾರ ನಡೆದ ಮೇಲೆ, 1835ರ ಕಾಯಿದೆಯೊಂದರ ಪ್ರಕಾರ ಪ್ರಮಾಣಪೂರ್ವಕ ಘೋಷಣೆ ಮಾಡಿಕೊಟ್ಟರೆ ಸಾಕೆಂದು ತಿಳಿಯಿತು. ಬೀದಿಯ ಕೊನೆಯಲ್ಲಿದ್ದ ಇನ್ನೊಂದು ಸಾಲಿಸಿಟರ್ ಕಚೇರಿಗೆ ಹೋಗಿ, ಒಂದು ಪುಟ ಓದಿ, ಸಹಿ ಹಾಕಿ, ನಿಗದಿತ ಶುಲ್ಕ 5 ಪೌಂಡನ್ನೂ ಲಗತ್ತಿಸಿದ ಪ್ರತಿಯೊಂದು ಕಾಗದಕ್ಕೆ 2 ಪೌಂಡನ್ನೂ ಕೊಟ್ಟು ಹೊರಬರಲು ಹಿಡಿದದ್ದು ಹದಿನೈದು ನಿಮಿಷ. ಹತ್ತು ದಿನದ ತಡಕ್ಕೆ ಹದಿನೈದು ನಿಮಿಷದ ಪರಿಹಾರವಿದ್ದುದನ್ನು ಕಂಡಾಗಲೇ ನನಗೆ ಏನೋ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಎರಡನೆಯದು ಹಣದ ಮೂಲ. ನಾವು ಕೈಯಿಂದ ಹಾಕಬೇಕಿದ್ದ 77,000 ಪೌಂಡುಗಳಲ್ಲಿ 24,000 ಭಾರತದಲ್ಲಿ ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯ ನಿಶ್ಚಿತ ಠೇವಣಿಯಿಂದ ಬರಬೇಕಿತ್ತು. ಅಂಥ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಕ್ಕೆ ಕಳುಹಿಸಲು ಅವಕಾಶವಿರುವುದರಿಂದ ಮಿತಿಯ ಸಮಸ್ಯೆ ಇರಲಿಲ್ಲ. ಆದರೆ ತೆರಿಗೆ ಪಾವತಿಯಾಗಿದೆಯೆಂದು ಚಾರ್ಟರ್ಡ್ ಅಕೌಂಟೆಂಟ್ ಕೊಡುವ 15ಸಿಬಿ ಪ್ರಮಾಣಪತ್ರ, ನಾವೇ ಸಲ್ಲಿಸುವ 15ಸಿಎ ನಮೂನೆ, ಬ್ಯಾಂಕ್ ಶಾಖೆಯ ತನ್ನದೇ ಅರ್ಜಿ, ಹೀಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಇತ್ತ ಇಂಗ್ಲೆಂಡಿನ ಸಾಲಿಸಿಟರ್, 2017ರ ಅಕ್ರಮ ಹಣ ತಡೆ ನಿಯಮಗಳಂತೆ, ಆ ಠೇವಣಿಗೆ ಹಣ ಎಲ್ಲಿಂದ ಬಂತೆಂದು ಕೇಳಿದರು. ಹಿಂದಿನ ಠೇವಣಿ ಮುಗಿದಾಗ ಬಂದದ್ದು ಎಂದೆ. ಅದಕ್ಕೆ ಮೊದಲು ಎಂದರು. ಒಂಬತ್ತು ವರ್ಷ ಹಿಂದಕ್ಕೆ ಹೋಗಿ, ಮೊದಲ ಕೆಲಸದ ಸಂಬಳದ ದಾಖಲೆಯನ್ನು ಮುಟ್ಟಿದ ಮೇಲೆ ಪ್ರಶ್ನೆಗಳು ನಿಂತವು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಅವರು ಕೇಳಲೇಬೇಕು. ಮನೆ ನೋಡಲು ಆರಂಭಿಸಿದ ದಿನವೇ ಇದನ್ನು ಸಿದ್ಧಮಾಡಿಕೊಳ್ಳಬಹುದಿತ್ತು, ಹಣವನ್ನೂ ಆಗಲೇ ತರಿಸಿಟ್ಟುಕೊಳ್ಳಬಹುದಿತ್ತು ಎಂಬುದಷ್ಟೇ ನನ್ನ ವ್ಯಥೆ.

ಮೂರನೆಯದನ್ನು ನಾವು ಕನಸಿನಲ್ಲೂ ನೆನೆದಿರಲಿಲ್ಲ. ಆಗಿನ ನಿಯಮದಂತೆ ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ 4,25,000 ಪೌಂಡ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇರಲಿಲ್ಲ. ಆದ್ದರಿಂದ ನಮ್ಮ ಲೆಕ್ಕದಲ್ಲಿ ಆ ಖರ್ಚು ಸೊನ್ನೆ. ಆದರೆ ‘ಮೊದಲ ಬಾರಿಗೆ’ ಎಂದರೆ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಎಂದಲ್ಲ. ಪ್ರಪಂಚದ ಯಾವ ಮೂಲೆಯಲ್ಲಾಗಲಿ, ಕೊಂಡದ್ದಾಗಲಿ ಪಿತ್ರಾರ್ಜಿತವಾಗಿ ಬಂದದ್ದಾಗಲಿ, ವಾಸದ ಮನೆಯಲ್ಲಿ ಪಾಲು ಹೊಂದಿದ್ದರೆ ಆ ರಿಯಾಯಿತಿ ಇಲ್ಲ. ತಂದೆ ತೀರಿಕೊಂಡ ಮೇಲೆ ಹಳೆಯ ಮನೆಯಲ್ಲಿ ನಾಲ್ಕನೆಯ ಒಂದು ಪಾಲು ನನ್ನ ಹೆಸರಿಗೆ ಬಂದಿತ್ತು. ಜಂಟಿಯಾಗಿ ಕೊಳ್ಳುವಾಗ ಒಬ್ಬರಿಗೆ ಅರ್ಹತೆ ತಪ್ಪಿದರೆ ಇಬ್ಬರಿಗೂ ತಪ್ಪಿದಂತೆ. ಸೊನ್ನೆ ಹೋಗಿ 6,750 ಪೌಂಡ್ ಆಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಆ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಾವು ಕೊಳ್ಳುತ್ತಿರುವುದು ‘ಹೆಚ್ಚುವರಿ ಮನೆ’ಯಾಗಿ, ಪೂರ್ತಿ ಬೆಲೆಯ ಮೇಲೆ ಇನ್ನೂ 3 ಪ್ರತಿಶತ ಸೇರಿ ಮೊತ್ತ 18,300ಕ್ಕೆ ಏರಬಹುದಿತ್ತು. ಇಂದಿನ ದರಗಳು ಇನ್ನೂ ಬಿಗಿ: 2024ರ ಅಕ್ಟೋಬರ್ 31ರಿಂದ ಆ 3 ಪ್ರತಿಶತ 5 ಆಗಿದೆ, 2025ರ ಏಪ್ರಿಲ್‌ನಿಂದ ಮೊದಲ ಮನೆಯ ರಿಯಾಯಿತಿ ಮಿತಿ 3,00,000ಕ್ಕೆ ಇಳಿದಿದೆ.

ಪಾಲಿನ ಬೆಲೆ 40,000ಕ್ಕಿಂತ ಕಡಿಮೆಯೆಂದು ತೋರಿಸಲು ಮೌಲ್ಯಮಾಪಕರ ವರದಿ ಬೇಕಾಯಿತು, ಪಾಲು ನಾಲ್ಕನೆಯ ಒಂದೇ ಎಂದು ತೋರಿಸಲು ಕನ್ನಡದಲ್ಲಿದ್ದ ವಿಭಾಗಪತ್ರದ ಪ್ರಮಾಣಿತ ಭಾಷಾಂತರ ಬೇಕಾಯಿತು. ಭಾಷಾಂತರ ಬಂದ ಮೇಲೆ ಸಾಲಿಸಿಟರ್ ಕಚೇರಿಯ ಯುವಕನೊಬ್ಬ ಬಹಳ ವಿನಯದಿಂದ ಫೋನ್ ಮಾಡಿ, ಚಕ್ಕುಬಂದಿಯ ಸಾಲನ್ನು ಓದಿ ಹೇಳಿ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹುಣಸೆಮರ ಎಂದರೆ ಏನರ್ಥ, ಇದಕ್ಕೆ ನಕ್ಷೆಯಿಲ್ಲವೇ ಎಂದು ಕೇಳಿದ. ಆ ಹುಣಸೆಮರ ಈಗ ಇಲ್ಲ ಎಂಬುದನ್ನು ಅವನಿಗೆ ಹೇಳುವುದು ಬೇಡವೆನಿಸಿತು. ವರದಿಯ ಪ್ರಕಾರ ನನ್ನ ಪಾಲಿನ ಬೆಲೆ ಸುಮಾರು 28,000 ಪೌಂಡ್ ಎಂದು ಗೊತ್ತಾಗಿ ಆ ಕಡತ ಮುಚ್ಚುವಷ್ಟರಲ್ಲಿ ಮೂರೂವರೆ ವಾರ ಕಳೆದಿತ್ತು. ಈ ದೇಶದಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 183 ದಿನ ಇದ್ದೀರಾ ಎಂಬ ಪ್ರಶ್ನೆಯೂ ಜೊತೆಗೆ ಬಂತು, ಅಷ್ಟು ದಿನ ಇಲ್ಲದವರು ಇನ್ನೂ 2 ಪ್ರತಿಶತ ತೆರಬೇಕು. ಅದಕ್ಕೆ ಮಾತ್ರ ನಮ್ಮಲ್ಲಿ ಸಿದ್ಧ ಉತ್ತರವಿತ್ತು.

ಇಷ್ಟು ನಮ್ಮಿಂದಾದ ತಡ. ಇನ್ನುಳಿದವು ಎಲ್ಲರಿಗೂ ಆಗುವಂಥವು. ಮನೆಯ ಸುತ್ತಮುತ್ತಲಿನ ರಸ್ತೆ, ಯೋಜನಾ ಅನುಮತಿ, ಜಾಗದ ಮೇಲಿರುವ ನಿರ್ಬಂಧಗಳ ಮಾಹಿತಿಯನ್ನು ಸ್ಥಳೀಯ ಕೌನ್ಸಿಲಿನಿಂದ ತರಿಸುವುದಕ್ಕೆ ‘ಲೋಕಲ್ ಸರ್ಚ್’ ಎನ್ನುತ್ತಾರೆ. ಕೆಲವು ಕೌನ್ಸಿಲುಗಳಲ್ಲಿ ಇದು ಕೆಲವೇ ದಿನಗಳ ಕೆಲಸ, ಕೆಲವೆಡೆ ತಿಂಗಳುಗಟ್ಟಲೆ. ನಮ್ಮದು ಅಕ್ಟೋಬರ್ 17ರಂದು ಕೇಳಿದ್ದು ಡಿಸೆಂಬರ್ 5ಕ್ಕೆ ಬಂತು, ಸರಿಯಾಗಿ ಏಳು ವಾರ. ಜಾಗದ ಮೇಲಿನ ನಿರ್ಬಂಧಗಳ ದಾಖಲೆಯನ್ನು 2018ರಿಂದ ಒಂದೊಂದಾಗಿ ಕೌನ್ಸಿಲುಗಳಿಂದ ತೆಗೆದು ರಾಷ್ಟ್ರೀಯ ಭೂ ನೋಂದಣಿ ಸಂಸ್ಥೆಯ ಡಿಜಿಟಲ್ ದಾಖಲೆಗೆ ಸೇರಿಸುತ್ತಿದ್ದಾರೆ, ನಮ್ಮ ಪಟ್ಟಣದ ಸರದಿ ಆಗಿನ್ನೂ ಬಂದಿರಲಿಲ್ಲ. ಆ ಏಳು ವಾರಗಳಲ್ಲಿ ನಾನು ಒಂಬತ್ತು ಬಾರಿ ಫೋನ್ ಮಾಡಿದ್ದೆ. ಒಂಬತ್ತೂ ವ್ಯರ್ಥ. ಸರದಿಯಲ್ಲಿರುವ ಕೆಲಸ ಕೂಗಿದರೆ ಮುಂದೆ ಬರುವುದಿಲ್ಲ.

ಕೂಗಿದರೆ ಕೆಟ್ಟೇ ಹೋಗುವ ಸಂದರ್ಭವೂ ಉಂಟೆಂದು ತಿಳಿದದ್ದು ತಪಾಸಣೆಯ ವರದಿ ಬಂದಾಗ. 1930ರ ದಶಕದ ಆ ಮನೆಯ ಹಿಂಭಾಗಕ್ಕೆ 2004ರಲ್ಲಿ ಅಡುಗೆಮನೆಯನ್ನು ವಿಸ್ತರಿಸಿದ್ದರು. ಕಟ್ಟಡ ನಿಯಮಗಳಂತೆ ಕೆಲಸ ಮುಗಿದಿದೆಯೆಂದು ಕೊಡುವ ಪ್ರಮಾಣಪತ್ರ ಇರಲಿಲ್ಲ. ಈಗಿನ ಮನೆಯೊಡತಿ 2011ರಲ್ಲಿ ಕೊಂಡವರು. ಹಿಂದಿನವರು ತಮಗೆ ಅಂಥದ್ದೇನೂ ಕೊಟ್ಟಿಲ್ಲವೆಂದು ಬರೆದುಕೊಟ್ಟರು. ಕೌನ್ಸಿಲಿಗೆ ನಾನೇ ಫೋನ್ ಮಾಡಿ ಕೇಳಿದರೆ ಹತ್ತು ನಿಮಿಷದಲ್ಲಿ ಗೊತ್ತಾದೀತು ಎಂದುಕೊಂಡು, ಆಫೀಸಿನ ಊಟದ ವಿರಾಮದಲ್ಲಿ ಮೆಟ್ಟಿಲ ಬಳಿ ನಿಂತು ನಂಬರ್ ಒತ್ತಿದೆ. ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ ಎಂಬ ಧ್ವನಿಮುದ್ರಿಕೆಯ ನಡುವೆ ಸಾಲಿಸಿಟರ್ ಕರೆ ಬಂತು. ಆ ಕರೆಯಿಂದ ಈ ಕರೆಗೆ ಬಂದು, ಈಗಷ್ಟೇ ಕೌನ್ಸಿಲಿಗೆ ಮಾಡುತ್ತಿದ್ದೆ ಎಂದೆ. ಆಚೆ ಕಡೆ ಒಂದು ಕ್ಷಣ ಮೌನ. ‘ದಯವಿಟ್ಟು ಇಟ್ಟುಬಿಡಿ’ ಎಂದರು. ಇಂಥ ಕೊರತೆಗೆ ಇಲ್ಲಿ ಒಂದು ವಿಮೆ ಸಿಗುತ್ತದೆ: ಕೌನ್ಸಿಲ್ ಎಂದಾದರೂ ಕ್ರಮ ಕೈಗೊಂಡರೆ ಅದರ ನಷ್ಟವನ್ನು ತುಂಬಿಕೊಡುವ ವಿಮೆ. ಒಂದೇ ಕಂತು, ಸುಮಾರು 140 ಪೌಂಡ್, ಸಾಮಾನ್ಯವಾಗಿ ಮಾರುವವರೇ ಕೊಡುತ್ತಾರೆ. ಆದರೆ ಅದೇ ವಿಷಯವಾಗಿ ಯಾರಾದರೂ ಕೌನ್ಸಿಲನ್ನು ಸಂಪರ್ಕಿಸಿಬಿಟ್ಟಿದ್ದರೆ ಆ ವಿಮೆ ಸಿಗುವುದಿಲ್ಲ. ಆಗ ಗೋಡೆ ಕೊರೆದು ನೋಡುವ ತಪಾಸಣೆಯೇ ಗತಿ. ನನ್ನ ಹತ್ತು ನಿಮಿಷದ ಚುರುಕುತನ ನಮ್ಮನ್ನು ಬೇಸಿಗೆಯವರೆಗೆ ಹಿಂದಕ್ಕೆ ತಳ್ಳುವುದರಲ್ಲಿತ್ತು. ವಿಮೆ ಗೋಡೆಯನ್ನು ಗಟ್ಟಿ ಮಾಡುವುದಿಲ್ಲ ಎಂಬುದು ನಿಜವಾದ್ದರಿಂದ, ಕಟ್ಟಡ ಸುಭದ್ರವಾಗಿದೆಯೇ ಎಂದು ತಪಾಸಣೆ ಮಾಡಿದವರನ್ನೇ ಬೇರೆಯಾಗಿ ಕೇಳಿ ತಿಳಿದುಕೊಂಡೆ.

ಡಿಸೆಂಬರಿನಲ್ಲಿ ಅಂಚೆ ನೌಕರರ ಮುಷ್ಕರ ಬಂತು. ಸಾಲದ ಒಪ್ಪಂದಪತ್ರಕ್ಕೆ ಶಾಯಿಯಲ್ಲೇ ಸಹಿ ಹಾಕಿ, ಅದರಲ್ಲಿ ಪಾಲಿಲ್ಲದ ಒಬ್ಬರ ಸಾಕ್ಷಿ ಹಾಕಿಸಿ, ಮೂಲ ಪ್ರತಿಯನ್ನೇ ಕಳುಹಿಸಬೇಕೆಂದು ನಮ್ಮ ಸಾಲಿಸಿಟರ್ ಹೇಳಿದ್ದರು. ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು ಕನ್ನಡಕ ಹುಡುಕಿ ತಂದು ಸಾಕ್ಷಿ ಹಾಕಿದರು. ಆ ತಿಂಗಳು ಮುಷ್ಕರದ ದಿನಗಳೇ ಏಳು. ನಾನು ರೈಲು ಹತ್ತಿ ಹೋಗಿ ಲಕೋಟೆಯನ್ನು ಕೈಯಾರೆ ಕೊಟ್ಟು ಬಂದೆ. ಆಮೇಲೆ ಕ್ರಿಸ್‌ಮಸ್ ರಜೆ, ಎರಡು ವಾರ ಎಲ್ಲ ಕಚೇರಿಗಳಿಂದಲೂ ಒಂದೇ ಬಗೆಯ ಸ್ವಯಂಚಾಲಿತ ಉತ್ತರ.

ಜನವರಿ 9, ಸೋಮವಾರ. ನಮ್ಮ ಸಾಲಿಸಿಟರ್ ಕಚೇರಿಗೆ ಫೋನ್ ಮಾಡಿದರೆ, ನಾವು ಕೇಳಿದ ಪ್ರಶ್ನೆಗಳಿಗೆ ಮಾರುವವರ ಕಡೆಯಿಂದ ಉತ್ತರ ಬಂದಿಲ್ಲ, ಕಾಯುತ್ತಿದ್ದೇವೆ ಎಂದರು. ಯಾವ ಉದ್ದೇಶವೂ ಇಲ್ಲದೆ, ಬರಿಯ ಹತಾಶೆಯಿಂದ, ಎಸ್ಟೇಟ್ ಏಜೆಂಟ್ ಕಚೇರಿಯಲ್ಲಿ ಮಾರಾಟದ ಪ್ರಗತಿ ನೋಡಿಕೊಳ್ಳುವ ಮಹಿಳೆಗೂ ಫೋನ್ ಮಾಡಿದೆ. ಅವರು ಅರ್ಧ ಗಂಟೆಯಲ್ಲಿ ತಿರುಗಿ ಕರೆ ಮಾಡಿ, ಮಾರುವವರ ಸಾಲಿಸಿಟರ್ ಡಿಸೆಂಬರ್ 21ರಂದೇ ಎಲ್ಲ ಉತ್ತರ ಕಳುಹಿಸಿದ್ದಾರೆ, ನಿಮ್ಮವರ ಪ್ರತಿಕ್ರಿಯೆಗೆ ಕಾಯುತ್ತಿದ್ದಾರೆ ಎಂದರು. ಎರಡೂ ಕಡೆಯವರು ಪ್ರಾಮಾಣಿಕವಾಗಿ ಒಬ್ಬರಿಗೊಬ್ಬರು ಕಾಯುತ್ತಿದ್ದರು. ಉತ್ತರ ಹೋಗಿದ್ದದ್ದು ನಮ್ಮ ಸಾಲಿಸಿಟರ್ ಕಚೇರಿಯಲ್ಲಿ ದೀರ್ಘ ರಜೆಯ ಮೇಲೆ ಹೋಗಿದ್ದ ಸಹಾಯಕಿಯ ಇಮೇಲಿಗೆ. ಹತ್ತೊಂಬತ್ತು ದಿನ ಅದು ತೆರೆಯದೆ ಬಿದ್ದಿತ್ತು. ನಾನು ಆ ದಿನ ಫೋನ್ ಮಾಡದಿದ್ದರೆ ಇನ್ನೂ ಎಷ್ಟು ದಿನ ಬಿದ್ದಿರುತ್ತಿತ್ತೋ.

ಅಲ್ಲಿಂದ ನನ್ನ ಪ್ರಶ್ನೆಯೇ ಬದಲಾಯಿತು. ‘ಎಲ್ಲಿಗೆ ಬಂತು’ ಎಂದು ಕೇಳಿದರೆ ‘ನಡೆಯುತ್ತಿದೆ’ ಎಂಬ ಉತ್ತರ ಮಾತ್ರ ಸಿಗುತ್ತದೆ, ಅದನ್ನು ಕೇಳಿ ಸಮಾಧಾನಪಟ್ಟುಕೊಳ್ಳಬಹುದೇ ಹೊರತು ಬೇರೇನೂ ಮಾಡಲಾಗದು. ಬದಲಿಗೆ, ಈಗ ಯಾವ ಕಾಗದ ಯಾರ ಬಳಿ ಇದೆ, ಯಾವ ದಿನದಿಂದ ಇದೆ, ಅದು ಬಂದಿಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಲಾರಂಭಿಸಿದೆ. ಮೂರನೆಯ ಪ್ರಶ್ನೆ ಸ್ವಲ್ಪ ಒರಟೆನಿಸುತ್ತದೆ, ಆದರೆ ಬಿದ್ದುಹೋದ ಕಾಗದಗಳು ಪತ್ತೆಯಾಗುವುದು ಅದರಿಂದಲೇ. ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಸಾಲಿಗೆ ಮೀರದ ಒಂದು ಇಮೇಲನ್ನು ಸಾಲಿಸಿಟರ್‌ಗೂ ಏಜೆಂಟ್‌ಗೂ ಒಟ್ಟಿಗೆ ಕಳುಹಿಸುತ್ತಿದ್ದೆ: ಬಾಕಿ ಇರುವ ಕಾಗದಗಳು, ಯಾರಿಂದ ಬರಬೇಕು, ಎಂದಿನಿಂದ ಬಾಕಿ. ಫೋನ್ ಮಾಡುವುದನ್ನು ಬಹುಮಟ್ಟಿಗೆ ಬಿಟ್ಟೆ. ಏಜೆಂಟ್ ಮಾರುವವರ ಪರವಾಗಿ ಕೆಲಸ ಮಾಡುವವರು, ಅವರ ಕಮಿಷನ್ನೂ ಮಾರುವವರಿಂದಲೇ. ಆದರೆ ಮಾರಾಟ ಮುಗಿಯದ ಹೊರತು ಆ ಕಮಿಷನ್ ಕೈಗೆ ಬರುವುದಿಲ್ಲವಾದ್ದರಿಂದ ಎಲ್ಲ ಕಡೆಯವರ ಜೊತೆ ಮಾತನಾಡಿ ಗಂಟು ಬಿಡಿಸುವ ಆಸಕ್ತಿ ಇರುವುದು ಅವರೊಬ್ಬರಿಗೇ. ಅವರನ್ನು ಎದುರು ಪಕ್ಷದವರೆಂದು ನಾನು ಮೊದಲ ನಾಲ್ಕು ತಿಂಗಳು ದೂರವಿಟ್ಟಿದ್ದು ತಪ್ಪು.

ಈ ಇಮೇಲುಗಳಿಂದ ಕೆಲವು ಚಿಲ್ಲರೆ ವಿಷಯಗಳೂ ಮೇಲೆದ್ದವು. ಮನೆಯಲ್ಲಿ ಯಾವ ವಸ್ತುಗಳನ್ನು ಬಿಟ್ಟುಹೋಗುತ್ತಾರೆ, ಯಾವುದನ್ನು ಒಯ್ಯುತ್ತಾರೆ ಎಂದು ಮಾರುವವರು ತುಂಬಿಕೊಡುವ ಒಂದು ನಮೂನೆಯಿದೆ. ಅದರಲ್ಲಿ ಪರದೆಯ ಸರಳು, ಟವೆಲ್ ಕೋಲು, ಟಾಯ್ಲೆಟ್ ಪೇಪರ್ ಸಿಕ್ಕಿಸುವ ಹಿಡಿಯವರೆಗೆ ಎಲ್ಲಕ್ಕೂ ಒಂದೊಂದು ಚೌಕವಿದೆ. ನಮ್ಮ ನಮೂನೆಯಲ್ಲಿ ಹಿತ್ತಲಿನ ಶೆಡ್ಡಿನ ಮುಂದೆ ಎರಡೂ ಚೌಕಗಳಿಗೆ ಗುರುತು ಹಾಕಿದ್ದರು. ಇರುತ್ತದೆಯೋ ಒಯ್ಯುತ್ತಾರೆಯೋ ಎಂದು ನಾಲ್ಕು ಪತ್ರಗಳು ಓಡಾಡಿದವು. ಆ ಶೆಡ್ಡಿನ ಬೆಲೆ ಆ ಪತ್ರಗಳನ್ನು ಬರೆದವರ ಅರ್ಧ ಗಂಟೆಯ ಸಂಬಳಕ್ಕಿಂತ ಹೆಚ್ಚಿರಲಾರದು.

ಆದರೆ ಇಮೇಲಿನಿಂದ ಅಲುಗದ ಒಂದು ತಡ ಉಳಿದೇ ಇತ್ತು. ನಮ್ಮ ಮನೆಯೊಡತಿ ಇನ್ನೊಂದು ಮನೆ ಕೊಳ್ಳುತ್ತಿದ್ದರು, ಆ ಮನೆಯವರು ಮೂರನೆಯದೊಂದನ್ನು ಕೊಳ್ಳುತ್ತಿದ್ದರು, ಆ ಮೂರನೆಯ ಮನೆ ತೀರಿಹೋದ ವೃದ್ಧರೊಬ್ಬರದು. ಇದಕ್ಕೆ ‘ಚೈನ್’ ಎನ್ನುತ್ತಾರೆ. ಮೂರೂ ಮಾರಾಟಗಳು ಒಂದೇ ದಿನ ನಡೆಯಬೇಕು. ಒಂದು ಕೊಂಡಿ ಕಳಚಿದರೆ ಎಲ್ಲವೂ ಕಳಚಿದಂತೆ. ತೀರಿಕೊಂಡವರ ಆಸ್ತಿಯನ್ನು ಮಾರಲು ಉಯಿಲಿನ ನಿರ್ವಾಹಕರಿಗಿರುವ ಅಧಿಕಾರವನ್ನು ದೃಢಪಡಿಸುವ ‘ಪ್ರೊಬೇಟ್’ ಆಜ್ಞೆ ಬಂದ ಹೊರತು ಆ ಮನೆಯ ಮಾರಾಟ ಮುಗಿಯುವಂತಿರಲಿಲ್ಲ. ನಾವು ಕಂಡೇ ಇರದ ಒಬ್ಬ ಮನುಷ್ಯರ ಮರಣಪತ್ರಗಳು ಮುಗಿಯಲೆಂದು ಮೂರು ಸಂಸಾರಗಳು ರಟ್ಟಿನ ಪೆಟ್ಟಿಗೆಗಳನ್ನು ಅರ್ಧ ತುಂಬಿಕೊಂಡು ಕುಳಿತಿದ್ದವು. ಇಲ್ಲಿ ಮಾತ್ರ ನಾನು ಏನೂ ಮಾಡಲಿಲ್ಲ.

ಏನೂ ಮಾಡದೆ ಕಾಯಬೇಕಾದರೆ ತಲೆಯ ಮೇಲೆ ಸೂರು ಇರಬೇಕು. ನಮ್ಮ ಬಾಡಿಗೆ ಕರಾರು ಜನವರಿ 15ಕ್ಕೆ ಮುಗಿಯುವುದಿತ್ತು. ಬಾಡಿಗೆ ಏಜೆಂಟ್ ಇನ್ನೊಂದು ವರ್ಷಕ್ಕೆ ಸಹಿ ಹಾಕಿ ಎಂದು ಒತ್ತಾಯಿಸಿದರು. ಆಗಿನ ಕಾನೂನಿನಂತೆ, ಹೊಸ ಕರಾರು ಮಾಡದೆ ಅಲ್ಲೇ ಮುಂದುವರಿದರೆ ಬಾಡಿಗೆ ತಾನಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಒಪ್ಪಂದವಾಗುತ್ತಿತ್ತು, ನಾವು ಬಿಡಬೇಕೆಂದಾಗ ಒಂದು ತಿಂಗಳ ನೋಟಿಸ್ ಸಾಕಿತ್ತು. ಅದನ್ನೇ ಮಾಡಿದೆವು. ಎಕ್ಸ್‌ಚೇಂಜ್ ಆಗುವ ಮೊದಲು ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ ಎಂಬ ಮಾತನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಎರಡು ಮನೆಗಳಿಗೆ ಕೆಲವು ವಾರ ಹಣ ಕೊಡುವುದು ನಷ್ಟ ನಿಜ, ಆದರೆ ಯಾವ ಮನೆಯೂ ಇಲ್ಲದಿರುವುದರ ಮುಂದೆ ಅದು ಅಗ್ಗ.

ಪ್ರೊಬೇಟ್ ಆಜ್ಞೆ ಫೆಬ್ರವರಿ 27ರಂದು ಬಂತು. ಆಗ ನಾನು ಸಾಲಪತ್ರದ ಎರಡನೆಯ ಪುಟವನ್ನು ಮತ್ತೆ ತೆಗೆದೆ. ಏಪ್ರಿಲ್ 10 ಎಂದಿತ್ತು. ಕ್ಯಾಲೆಂಡರಿನಲ್ಲಿ ನೋಡಿದರೆ ಅದು ಈಸ್ಟರ್ ಸೋಮವಾರ; ಅದಕ್ಕೆ ಮುಂಚಿನ ಏಪ್ರಿಲ್ 7 ಗುಡ್ ಫ್ರೈಡೆ. ಎರಡೂ ಬ್ಯಾಂಕ್ ರಜೆ, ನಡುವೆ ವಾರಾಂತ್ಯ. ನಮ್ಮ ಧಾರಾಳವಾದ ಆರು ತಿಂಗಳು ನಿಜದಲ್ಲಿ ಏಪ್ರಿಲ್ 6ರ ಗುರುವಾರಕ್ಕೆ ಮುಗಿಯುತ್ತಿತ್ತು. ಅವಧಿ ವಿಸ್ತರಿಸುವುದು ತಮ್ಮ ವಿವೇಚನೆಗೆ ಬಿಟ್ಟದ್ದು, ಆಗದಿದ್ದರೆ ಅಂದಿನ ದರದಲ್ಲಿ ಹೊಸ ಅರ್ಜಿ ಹಾಕಬೇಕು ಎಂದು ಬ್ಯಾಂಕ್ ಹೇಳಿತು. ಒಪ್ಪಿಗೆ ಸಿಕ್ಕಾಗ 1.75 ಪ್ರತಿಶತ ಇದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ದರ ಆ ಹೊತ್ತಿಗೆ 4 ಆಗಿತ್ತು. ಆ ಶುಕ್ರವಾರದ ಇಮೇಲಿನಲ್ಲಿ ನಾನು ಬೇರೇನನ್ನೂ ಬರೆಯಲಿಲ್ಲ. ಏಪ್ರಿಲ್ 6ರ ದಿನಾಂಕವನ್ನು ಬರೆದು, ಅದರಾಚೆಗೆ ಹೋದರೆ ನಮ್ಮ ಸಾಲ ಬಿದ್ದುಹೋಗುತ್ತದೆ, ನಮ್ಮ ಸಾಲ ಬಿದ್ದರೆ ಚೈನಿನ ತಳದ ಕೊಂಡಿಯೇ ಕಳಚುತ್ತದೆ ಎಂದಷ್ಟೇ ಬರೆದೆ. ಅದನ್ನು ಚೈನಿನಲ್ಲಿರುವ ಎಲ್ಲರಿಗೂ ಏಜೆಂಟ್ ತಲುಪಿಸಿದರು. ಆರು ತಿಂಗಳಲ್ಲಿ ಮೊದಲ ಬಾರಿಗೆ ಎಲ್ಲರೂ ಒಂದೇ ದಿನಾಂಕವನ್ನು ನೋಡುತ್ತಿದ್ದರು.

ಎಕ್ಸ್‌ಚೇಂಜ್ ಆದದ್ದು ಮಾರ್ಚ್ 22ರ ಬುಧವಾರ. ಅದು ನಡೆಯುವುದು ಫೋನಿನಲ್ಲಿ. ತಳದ ಸಾಲಿಸಿಟರ್ ಮೇಲಿನವರಿಗೆ, ಅವರು ಅದರ ಮೇಲಿನವರಿಗೆ, ಇಂತಿಷ್ಟು ಗಂಟೆಯವರೆಗೆ ನಮ್ಮ ಕರಾರು ನಿಮ್ಮ ಕೈಯಲ್ಲಿ ಎಂದು ಒಪ್ಪಿಸುತ್ತ ಹೋಗುತ್ತಾರೆ. ತುದಿಯವರೆಗೆ ಹೋದ ಮೇಲೆ ‘ಆಯಿತು’ ಎಂಬ ಮಾತು ಒಂದೊಂದೇ ಮೆಟ್ಟಿಲು ಇಳಿದು ಬರುತ್ತದೆ. ನಮಗೆ ಅದು ತಲುಪಿದಾಗ ಸಂಜೆ ನಾಲ್ಕು ಮುಕ್ಕಾಲು. ಹತ್ತನೆಯ ಒಂದು ಭಾಗ, 38,500 ಪೌಂಡ್, ಈಗ ಒತ್ತೆಯಲ್ಲಿತ್ತು. ಅಂದಿನಿಂದಲೇ ಮನೆಗೆ ಬೆಂಕಿ ಬಿದ್ದರೂ ನಮ್ಮದೇ ಹೊಣೆಯಾದ್ದರಿಂದ ಕಟ್ಟಡ ವಿಮೆ ಶುರುವಾಯಿತು, ಬಾಡಿಗೆ ಮನೆಗೆ ನೋಟಿಸನ್ನೂ ಅದೇ ರಾತ್ರಿ ಕಳುಹಿಸಿದೆ. ಮಾರ್ಚ್ 31ರ ಶುಕ್ರವಾರ ನಮ್ಮ ಹಣ ಬೆಳಿಗ್ಗೆ 10.40ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ತಲುಪಿತು. ಆದರೆ ಮನೆಯೊಡತಿಗೆ ಅವರ ಹೊಸ ಮನೆಯ ಬೀಗದ ಕೈ ಇನ್ನೂ ಸಿಕ್ಕಿರಲಿಲ್ಲ. ಅವರ ಸಾಮಾನಿನ ಲಾರಿ ನಮ್ಮ ಬಾಗಿಲ ಮುಂದೆಯೇ ನಿಂತಿತ್ತು. ಬೀದಿಯ ಆಚೆ ಬದಿಯಲ್ಲಿ ಕಾರಿನೊಳಗೆ ಕುಳಿತು, ಅವರ ಸೋಫಾ ಹೊರಗೆ ಬರುವುದನ್ನೂ, ಏನೋ ಮರೆತು ಅವರು ಮತ್ತೆ ಒಳಗೆ ಹೋಗುವುದನ್ನೂ ನಾವು 2.40ರವರೆಗೆ ನೋಡುತ್ತಿದ್ದೆವು. ಶೆಡ್ಡನ್ನು ಬಿಟ್ಟುಹೋಗಿದ್ದರು.

ಮೊದಲ ವಾರದಲ್ಲೇ, ಬಾಯ್ಲರಿನ ಕೈಪಿಡಿ ಹುಡುಕುತ್ತ ಅಡುಗೆಮನೆಯ ಕೊನೆಯ ಡ್ರಾಯರನ್ನು ಪೂರ್ತಿ ಹೊರಗೆಳೆದೆ. ಓವನ್ನಿನ ಗ್ಯಾರಂಟಿ ಪತ್ರ, ಸವೆದ ಬ್ಯಾಟರಿಗಳು, ಯಾವುದೋ ಕಿಟಕಿಯ ಪುಟ್ಟ ಕೀಲಿಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಕೌನ್ಸಿಲಿನ ಮುದ್ರೆಯಿದ್ದ ಹಾಳೆಯೊಂದು ಮಡಿಸಿಟ್ಟಿತ್ತು: ಹಿಂಭಾಗದ ಅಡುಗೆಮನೆ ವಿಸ್ತರಣೆ, ಕಟ್ಟಡ ನಿಯಮಗಳಂತೆ ಕೆಲಸ ಮುಗಿದಿದೆ, 2004. ಅದನ್ನು ಸ್ಕ್ಯಾನ್ ಮಾಡಿ ಸಾಲಿಸಿಟರ್‌ಗೆ ಕಳುಹಿಸಿದೆ. ದಾಖಲೆ ತಲುಪಿದೆ, ಸಂಬಂಧಪಟ್ಟವರ ಬಳಿ ಇದೆ ಎಂದು ಎರಡು ವಾರದ ನಂತರ ಉತ್ತರ ಬಂತು.